ಒನಕೆಯ ಬಂದೂಕು

ಮೊದಲಿಗೇ ಓದುಗರ ಕ್ಷಮೆ ಕೋರುವುದು ಉಚಿತವೆಂದು ಭಾವಿಸುತ್ತೇನೆ. ಪ್ರಬಂಧ ಎಂದರೇನು ಎಂಬ ಪ್ರಶ್ನೆಗೆ ಪದವಿ ಪರೀಕ್ಷೆಯಲ್ಲಿ ಉತ್ತರ ಬರೆದು ತೇರ್ಗಡೆಯಾದವಳೇ ಹೊರತು ಪ್ರಬಂಧವನ್ನು ಬರೆದು ರೂಢಿಯಿದ್ದವಳಲ್ಲ ನಾನು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಸ್ವಲ್ಪ ತಿದ್ದಿಕೊಡಿ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಹೇಳಬೇಕಾದದ್ದು ಹಿಂದುಮುಂದಾಗಿದ್ದರೆ ಅದನ್ನು ನನ್ನ ದೋಷವೆಂದೇ ತಿಳಿಯತಕ್ಕದ್ದು. ಈ ‘ತಿಳಿಯತಕ್ಕದ್ದು’ ನಮ್ಮ ಕಚೇರಿಯ ಸುತ್ತೋಲೆಯಿಂದ ಜಾರಿ ಬಂದು ಇಲ್ಲಿ ಕುಳಿತಿದೆ, ಅದಕ್ಕೂ ಕ್ಷಮೆಯಿರಲಿ.

ವಿಷಯವಿಷ್ಟೇ. ನಾನು ನನ್ನ ಮಗಳಿಗೆ ರೈಫಲ್ ಹೊಡೆಯುವುದನ್ನು ಕಲಿಸಲು ಹೊರಟಿದ್ದೆ. ನನಗೆ ರೈಫಲ್ ಹೊಡೆಯಲು ಬರುವುದಿಲ್ಲ.

ನಮ್ಮದು ವಾಡಿ. ಯಜಮಾನರು ರೈಲ್ವೆಯಲ್ಲಿದ್ದಾರೆ, ನಾನು ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮಗಳು ಸಿಂಚನಾ ಐದನೆಯ ತರಗತಿಯಲ್ಲಿ ಓದುತ್ತಾಳೆ. ಶಹಾಬಾದಿನಲ್ಲಿ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಒಟ್ಟುತ್ತಿದ್ದ ಗೋದಾಮೊಂದರಲ್ಲಿ ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಾರೆಂದು ತಿಳಿದಾಗ, ಅವಳನ್ನು ಸೇರಿಸಿದವಳು ನಾನೇ. ಡಾಕ್ಟರರ ಮಕ್ಕಳು, ಇಂಜಿನಿಯರರ ಮಕ್ಕಳು ಅಲ್ಲಿಗೆ ಬರುತ್ತಾರೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ನಾನು ಆಡಿದ ಮಾತು ಸರಿಯೇ, ಉಟ್ಟ ಸೀರೆ ಸಮಾರಂಭಕ್ಕೆ ತಕ್ಕದ್ದೇ, ಹಿರಿಯ ಅಧಿಕಾರಿಗಳ ಮುಂದೆ ಕುಳಿತದ್ದು ತಪ್ಪೇ ಎಂಬ ಸಂದೇಹದಲ್ಲಿಯೇ ನನ್ನ ದಿನಗಳು ಕಳೆಯುತ್ತವೆ. ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಗುರಿಹಲಗೆಯ ಕಾಗದ ಹಾಗಲ್ಲ. ನಡುವೆ ತೂತು ಬಿದ್ದರೆ ಹತ್ತು, ಬೀಳದಿದ್ದರೆ ಇಲ್ಲ. ಅದು ನಿಮ್ಮ ಅಪ್ಪನ ಉದ್ಯೋಗವನ್ನು ಕೇಳುವುದಿಲ್ಲ. ಇಂತಹ ನ್ಯಾಯವಂತ ಕಾಗದದ ಮುಂದೆ ನನ್ನ ಮಗಳು ನಿಲ್ಲಲಿ ಎಂದು ಆಸೆಪಟ್ಟೆ.

ತರಬೇತಿ ನೀಡುವವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಎಲ್ಲರೂ ಅವರನ್ನು ಉಸ್ತಾದ್ ಎಂದು ಕರೆಯುತ್ತಾರೆ. ಮನೆಯಲ್ಲಿ ಮಕ್ಕಳನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಸಾಕು ಎಂದು ಅವರು ಪಾಲಕರಿಗೆ ಹೇಳಿದ್ದರು. ಸಾಕು ಎಂಬ ಪದವನ್ನು ಅಕ್ಷರಶಃ ಸ್ವೀಕರಿಸುವ ಧೈರ್ಯ ಮೊದಲ ತಲೆಮಾರಿನ ಪದವೀಧರರಿಗೆ ಇರುವುದಿಲ್ಲ. ನಾನು ಮೊಬೈಲಿನಲ್ಲಿ ಪರದೇಶದ ವಿಡಿಯೊಗಳನ್ನು ನೋಡಿ ಉಸಿರು, ಭುಜ, ಮೊಣಕೈಗಳ ಶಾಸ್ತ್ರವನ್ನು ಅಧ್ಯಯನ ಮಾಡಿದೆ. ಮನೆಯಲ್ಲಿ ರೈಫಲ್ ಇಲ್ಲದ ಕಾರಣ ತವರಿನಿಂದ ಬಂದ ಒನಕೆಯನ್ನು ಮಗಳ ಭುಜಕ್ಕೆ ಕೊಟ್ಟೆ. ಫರಸಿ ಹಾಸಿನ ಗೆರೆಗಳ ಮೇಲೆ ಅವಳ ಪಾದಗಳನ್ನು ಇರಿಸಿದೆ. ಎದುರಿನ ಗೋಡೆಗೆ ನಾನು ಹಣೆಗೆ ಹಚ್ಚುವ ಒಂದು ಕಪ್ಪು ಟಿಕಳಿಯನ್ನು ಅಂಟಿಸಿ, ಅದೇ ಗುರಿ ಎಂದೆ.

ಆ ದಿನಗಳಲ್ಲಿ ಚಿಂಚೋಳಿ ಕಡೆಯ ಹಳ್ಳಿಯಿಂದ ನನ್ನ ತಾಯಿ ಬಂದಿದ್ದಳು. ಗೋಡೆಯನ್ನು ಬಹಳ ಹೊತ್ತು ನೋಡಿದಳು.

“ಗ್ವಾಡಿಗಿ ಯಾಕ ಟಿಕಳಿ ಹಚ್ಚೀಯವ್ವ? ಗ್ವಾಡಿದೇನು ಮದುವಿ ಮಾಡಾಕತ್ತೀ?”

“ಅದು ಗುರಿ, ಅಮ್ಮ. ಅಭ್ಯಾಸ ನಡೆದಿದೆ.”

“ವನಕಿ ಹಿಡದು? ಭತ್ತ ಕುಟ್ಟೂದು ತಪ್ಪಲಿ ಅಂತ ನಿನಗ ಸಾಲಿ ಕಲಿಸಿದ್ರ, ನೀ ಕೂಸಿನ ಕೈಯಾಗ ಮತ್ತ ವನಕಿ ಕೊಟ್ಟೀ ನೋಡು!”

ಯಜಮಾನರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಪತ್ರಿಕೆ ಅಲುಗಾಡಿತು. ನಾನು ನಗಲಿಲ್ಲ, ಅಭ್ಯಾಸದ ಸಮಯದಲ್ಲಿ ನಗುವುದು ಸರಿಯಲ್ಲವೆಂದು ವಿಡಿಯೊದಲ್ಲಿ ಹೇಳಿದ್ದರು.

ಅಭ್ಯಾಸದ ಕ್ರಮ ಹೀಗಿತ್ತು. ಸಿಂಚನಾ ಉಸಿರು ಬಿಗಿಹಿಡಿದು ಬಾಯಿಂದಲೇ ‘ಟಪ್’ ಎನ್ನುತ್ತಿದ್ದಳು. ಅದು ಗುಂಡು. ಅನಂತರ ಒನಕೆಯ ಸಮೇತ ಹಿಂದಕ್ಕೆ ಹೊರಳಿ ನನ್ನ ಮುಖವನ್ನು ನೋಡಿ, “ಸರಿ ಆತೇನವ್ವ?” ಎಂದು ಕೇಳುತ್ತಿದ್ದಳು. ‘ಸರಿಯಾಯಿತೇ ಅಮ್ಮ ಎನ್ನಬೇಕು’ ಎಂದು ಮೊದಲು ಮಾತನ್ನು ತಿದ್ದಿ, ಅನಂತರ ಮೊಣಕೈಯನ್ನು ತಿದ್ದುತ್ತಿದ್ದೆ. ಮತ್ತೆ ಟಪ್, ಮತ್ತೆ ಹೊರಳುವುದು, ಮತ್ತೆ ನನ್ನ ಮುಖ. ಗೋಡೆಯ ಮೇಲಿನ ಟಿಕಳಿಗೆ ತೂತು ಬೀಳುವಂತಿರಲಿಲ್ಲ. ಹಾಗಾಗಿ ಸರಿ ತಪ್ಪುಗಳನ್ನು ನನ್ನ ಮುಖದ ಮೇಲೆಯೇ ಓದಿಕೊಳ್ಳಬೇಕಾಗಿತ್ತು. ನ್ಯಾಯವಂತ ಕಾಗದವನ್ನು ಹುಡುಕಿಕೊಂಡು ಹೋದವಳು ಮನೆಯಲ್ಲಿ ಆ ಕಾಗದದ ಸ್ಥಾನದಲ್ಲಿ ನಾನೇ ಕುಳಿತುಬಿಟ್ಟಿದ್ದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಪದವಿಯಲ್ಲಿದ್ದಾಗ ನಮ್ಮನ್ನು ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಗೆ ಕರೆದೊಯ್ದಿದ್ದರು. ಗೋಡೆಯಲ್ಲಿದ್ದ ಸಣ್ಣ ಕಿಂಡಿಗಳನ್ನು ತೋರಿಸಿ, ಇಲ್ಲಿಂದ ಕಾವಲಿನವರು ಶತ್ರುವಿಗೆ ಗುರಿಯಿಡುತ್ತಿದ್ದರು ಎಂದು ಅಧ್ಯಾಪಕರು ವಿವರಿಸಿದರು. ನಾನು ಟಿಪ್ಪಣಿ ಬರೆದುಕೊಳ್ಳುವುದರಲ್ಲಿ ಮಗ್ನಳಾಗಿದ್ದೆ. ಕಿಂಡಿಗೆ ಕಣ್ಣಿಟ್ಟು ನೋಡಿದ ಗೆಳತಿಯರು ಹೊರಗೆ ಕಾಗಿಣಾ ನದಿ ಕಾಣುತ್ತದೆಂದು ಕೂಗಿದರು. ಕಿಂಡಿಗೆ ಕಣ್ಣಿಟ್ಟವನಿಗೆ ತನ್ನ ಬೆನ್ನ ಹಿಂದೆ ಯಾರು ನಿಂತಿದ್ದಾರೆ, ಅವರ ಮುಖ ಹೇಗಿದೆ ಎಂಬುದು ಕಾಣುವಂತಿಲ್ಲ. ಕೋಟೆ ಕಟ್ಟಿದವರಿಗೆ ಅಷ್ಟು ತಿಳಿದಿತ್ತು. ನನ್ನ ಟಿಪ್ಪಣಿಯಲ್ಲಿ ಕಿಂಡಿಯ ಅಗಲ ಮಾತ್ರ ಇತ್ತು.

ಜಿಲ್ಲಾ ಸ್ಪರ್ಧೆಗೆ ಮಕ್ಕಳನ್ನು ಆರಿಸುವ ಭಾನುವಾರ ಬಂತು. ಸಿಂಚನಾಳಿಗೆ ಅಲ್ಲಿಗೆ ಹೋಗಬೇಕೆಂಬ ಆಸೆ ಬಹಳವಿತ್ತು. ರೈಲಿನಲ್ಲಿಯೂ ಅವಳು ಮೊಣಕೈಯನ್ನು ಸರಿಪಡಿಸಿಕೊಂಡು ನನ್ನ ಮುಖ ನೋಡುತ್ತಿದ್ದಳು. ಗೋದಾಮಿನಲ್ಲಿ ಮಕ್ಕಳು ಗೆರೆಯ ಮೇಲೆ ನಿಂತರು. ಪಾಲಕರಾದ ನಾವು ಹಗ್ಗದ ಈಚೆ ಬೆಂಚುಗಳ ಮೇಲೆ ಕುಳಿತೆವು. ನನ್ನ ಪಕ್ಕದಲ್ಲಿ ಶಹಾಬಾದಿನ ಬಟ್ಟೆ ಅಂಗಡಿಯ ನಸ್ರೀನ್ ಇದ್ದರು. ಅವರ ಮಗನೂ ಅಲ್ಲಿ ಕಲಿಯುತ್ತಾನೆ.

“ಮೇಡಂ, ಉಸಿರು ಬಿಡ್ರಿ ಸ್ವಲ್ಪ,” ಎಂದರು ನಸ್ರೀನ್. “ಹೊಡೆಯಾಕಿ ನಿಮ್ಮ ಮಗಳು, ನೀವ್ಯಾಕ ದಮ್ ಹಿಡದು ಕುಂತೀರಿ?”

ಸಿಂಚನಾಳ ಹೊಡೆತಗಳು ಚೆನ್ನಾಗಿ ಬೀಳುತ್ತಿದ್ದವು. ಒಂದು ನಟ್ಟನಡುವೆಯೇ ಬಿತ್ತು. ಉಸ್ತಾದರು “ಶಾಬಾಸ್” ಎಂದರು. ಅವಳು ಮುಂದಿನ ಛರ್ರಾ, ಅಂದರೆ ಸೀಸದ ಆ ಸಣ್ಣ ಗುಂಡನ್ನು ತುಂಬಿ, ನಳಿಗೆಯನ್ನು ಮುಚ್ಚಿದಳು. ಆಗ ಅವಳಿಗೆ ಏನೋ ಬಿಟ್ಟುಹೋದಂತೆ ಅನ್ನಿಸಿರಬೇಕು. ರೈಫಲ್ ಸಮೇತ ಹಿಂದಕ್ಕೆ ಹೊರಳಿದಳು.

“ಸರಿ ಆತೇನವ್ವ?”

ಬೆಂಚುಗಳೆಲ್ಲ ಒಮ್ಮೆಲೇ ಖಾಲಿಯಾದವು. ಯಾರೋ ಚೀರಿದರು. ನಸ್ರೀನ್ ನನ್ನ ಸೆರಗನ್ನು ಜಗ್ಗಿ ನೆಲಕ್ಕೆ ಕೆಡವಲು ನೋಡಿದರು. ನಳಿಗೆಯ ಬಾಯಿ ನೇರವಾಗಿ ನನ್ನ ಎದೆಯ ಕಡೆಗಿತ್ತು. ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅವಳ ಮೊಣಕೈ ಸರಿಯಿಲ್ಲವೆಂದು ನನಗೆ ಅನ್ನಿಸಿತು.

ಉಸ್ತಾದರು ಓಡಲಿಲ್ಲ, ಕೂಗಲಿಲ್ಲ. ಪಕ್ಕದಿಂದ ಬಂದು ನಳಿಗೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿ, ರೈಫಲ್ ತೆಗೆದುಕೊಂಡು, ಛರ್ರಾ ಹೊರತೆಗೆದು ಜೇಬಿನಲ್ಲಿ ಹಾಕಿಕೊಂಡರು.

“ಭರ್ತಿ ಮಾಡಿದ ರೈಫಲ್ ಹಿಡದು ಹಿಂದ ಹೊಳ್ಳೂದು ಯಾರು ಕಲಿಸ್ಯಾರ ನಿನಗ?”

“ಯಾರೂ ಇಲ್ರಿ ಸರ್,” ಎಂದಳು ಸಿಂಚನಾ. “ನಾನೇ.”

“ಹಂಗಾದ್ರ ಮನಿಗಿ ನಡಿ. ಈ ತಪ್ಪಿಗಿ ಇಲ್ಲಿ ಮಾಫಿ ಇಲ್ಲ.”

ಅವಳು ಅಳಲಿಲ್ಲ. ಕೈಗಳನ್ನು ಪಕ್ಕಕ್ಕೆ ಅಂಟಿಸಿ ನಿಂತಳು. ಡಾಕ್ಟರರ ಪತ್ನಿ ತಮ್ಮ ಮಗನನ್ನು ಹತ್ತಿರಕ್ಕೆ ಎಳೆದುಕೊಂಡರು. ಮನೆಯಲ್ಲಿ ಹೇಗೆ ಬೆಳೆಸಿದ್ದಾರೋ ಎಂದು ಯಾರೋ ಅಂದದ್ದು ಕೇಳಿಸಿತು. ಆ ಮಾತಿನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ನಾನು ಎದ್ದು ನಿಂತು, ಮಹನೀಯರೇ, ಇದರಲ್ಲಿ ನನ್ನ ಪಾತ್ರವೂ ಇದೆ ಎಂಬರ್ಥದ ವಾಕ್ಯವೊಂದನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ವಾಕ್ಯ ಮುಗಿಯಲಿಲ್ಲ. ಅಷ್ಟರಲ್ಲಿ ಮಗಳು ಹೊರಗಿನ ಬಾಗಿಲ ಕಡೆಗೆ ನಡೆಯಲಾರಂಭಿಸಿದ್ದಳು.

“ನಾ ಕಲಿಸೀನ್ರಿ ಉಸ್ತಾದ್,” ಎಂದೆ. “ದಿನಾ ಮನ್ಯಾಗ ವನಕಿ ಕೊಟ್ಟು ನಿಂದ್ರಿಸೀನಿ. ಹೊಡದ ಮ್ಯಾಲ ಹೊಳ್ಳಿ ನನ್ನ ಮಾರಿ ನೋಡಬೇಕು, ಹಂಗ ರೂಢಿ ಮಾಡೀನಿ. ಆಕಿದೇನೂ ತಪ್ಪಿಲ್ರಿ.”

“ವನಕಿ?” ಎಂದರು ಉಸ್ತಾದರು. ಅವರ ಮೀಸೆ ಅಲುಗಿದ್ದು ಸಿಟ್ಟಿನಿಂದಲೋ ನಗುವಿನಿಂದಲೋ ನನಗೆ ತಿಳಿಯಲಿಲ್ಲ. ಗೋದಾಮಿನಲ್ಲಿದ್ದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಎಂದೂ ನಪಾಸಾಗದವಳಿಗೆ ಅದು ಹೊಸ ಅನುಭವ.

“ಈ ಸಲ ಸ್ಪರ್ಧಾಕ್ಕ ಆಕಿ ಇಲ್ಲ,” ಎಂದರು. “ಮುಂದಿನ ಐತವಾರದಿಂದ ಬರ್ಲಿ, ಮೊದಲಿಂದ ಕಲಸ್ತೀನಿ. ನೀವು ಬರಬ್ಯಾಡ್ರಿ ಮೇಡಂ. ನೀವು ಗೇಟಿನ ಹೊರಗ.”

ಹೊರಬರುವಾಗ ನಸ್ರೀನ್ ನನ್ನ ಕೈ ಹಿಡಿದು, “ಬಿಡ್ರಿ, ಮಗಳು ಪಾಸ್, ಅವ್ವ ಡಿಬಾರ್. ಭಾಳ ಮನ್ಯಾಗ ಹಿಂಗಾಗೂದು ಛಲೋ,” ಎಂದರು. ಪ್ಯಾಸೆಂಜರ್ ಗಾಡಿಗಾಗಿ ಕಾಯುತ್ತ ಕುಳಿತಾಗ ಸಿಂಚನಾ ಕೇಳಿದಳು: “ಅವ್ವ, ನೀ ಎಲ್ಲಾರ ಮುಂದ ಹಂಗ್ಯಾಕ ಅಂದಿ? ನಿನಗ ನಾಚಿಕಿ ಬರಲಿಲ್ಲೇನು?”

“ಬಂತವ್ವ,” ಎಂದೆ.

ಆ ಬಳಿಕ ನಮ್ಮ ಕುಟುಂಬದಲ್ಲಿ ಆದ ಬದಲಾವಣೆಯನ್ನು ನೇರವಾಗಿ ಹೇಳುತ್ತೇನೆ. ಸಿಂಚನಾ ಈಗ ಗೋದಾಮಿನೊಳಗೆ ಒಬ್ಬಳೇ ಹೋಗುತ್ತಾಳೆ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಳಗಿನ ಸದ್ದು ಕೇಳಿಸುತ್ತದೆ, ಯಾವುದು ಅವಳದೆಂದು ತಿಳಿಯುವುದಿಲ್ಲ. ಮನೆಯಲ್ಲಿ ಅಭ್ಯಾಸ ನಿಂತಿದೆ. ಶಾಲೆಯ ಲೆಕ್ಕವನ್ನು ಅವಳು ಮಾಡಿ ಮುಗಿಸಿ ಚೀಲದಲ್ಲಿಡುತ್ತಾಳೆ, ನನಗೆ ತೋರಿಸುವುದಿಲ್ಲ. ಕೆಲವು ಬಾರಿ ತಪ್ಪಾಗಿರುತ್ತದೆ, ಶಿಕ್ಷಕಿ ತಿದ್ದುತ್ತಾರೆ. ಯಜಮಾನರು ಈಗ ಪತ್ರಿಕೆಯನ್ನು ಕೆಳಗಿಟ್ಟೇ ನಗುತ್ತಾರೆ. ಕಳೆದ ಭಾನುವಾರ ಮಗಳ ಹೊಡೆತಗಳು ಕೆಟ್ಟದಾಗಿ ಬಿದ್ದವಂತೆ. ಅದು ನನಗೆ ಗೊತ್ತಾದದ್ದು ಮರುದಿನ, ನಸ್ರೀನರಿಂದ. ಅವಳಂತೂ ಅಂದು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ, ಶೇಂಗಾ ತಿನ್ನುತ್ತ, ಹಾಡು ಗುನುಗುತ್ತ ವಾಡಿಗೆ ಬಂದಿದ್ದಳು.