ವಳವಳ್ಳಿಗೆ ಹೋಗುವ ಬಸ್ಸು

ಹೋದ ವಾರ ಮದ್ದೂರಿನಲ್ಲಿ ನಾನು ಕೂತಿದ್ದ ಬಸ್ಸಿಗೆ ನನ್ನ ಸೋದರತ್ತೆ ಅಡ್ಡ ನಿಂತುಬಿಟ್ಟರು. ಕಾರಣ ಇಷ್ಟೇ. ಅವರಿಗೆ ಹೊಸದಾಗಿ ಓದಲು ಬಂದಿತ್ತು.

ಅತ್ತೆಯ ಕಥೆಗೆ ಮೊದಲು ಬೋರ್ಡಿನ ಕಥೆ ಹೇಳಬೇಕು.

ಬಸ್ಸು ನನ್ನ ಗೆಳೆಯ, ಹೊಳಲಿನ ಚಿಕ್ಕೇಗೌಡನದು. ಯುದ್ಧ ಶುರುವಾಗಿ ಪೆಟ್ರೋಲು ಕಣ್ಣಿಗೆ ಬೀಳದಂತಾದ ಮೇಲೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಸಿ ಅದರಿಂದ ಬರುವ ಗ್ಯಾಸಿನಲ್ಲಿ ಓಡಿಸುತ್ತಿದ್ದಾನೆ. (ಏರು ಬಂದರೆ ನಾವೆಲ್ಲ ಇಳಿದು ತಳ್ಳುತ್ತೇವೆ. ಟಿಕೆಟ್ಟು ತೆಗೆದುಕೊಂಡೇ ತಳ್ಳುತ್ತೇವೆ.) ಇದ್ದಿಲು ಎಷ್ಟು ಸಿಕ್ಕಿತೋ ಅಷ್ಟು ದೂರ ಪ್ರಯಾಣ. ಒಂದು ದಿನ ಮದ್ದೂರಿಗೆ, ಇನ್ನೊಂದು ದಿನ ಅಲ್ಲಿಂದ ಮುಂದಕ್ಕೆ ಮಳವಳ್ಳಿಗೆ, ಮತ್ತೊಂದು ದಿನ ಮಂಡ್ಯ ಬಿಟ್ಟು ಕದಲುವುದೇ ಇಲ್ಲ. ಹೀಗಾದರೆ ಬೋರ್ಡಿನ ಮೇಲೆ ಏನೆಂದು ಬರೆಸುವುದು?

ಅಂಗಡಿ ಬೋರ್ಡು, ಮದುವೆ ಚಪ್ಪರದ ಬೋರ್ಡು ಬರೆಯುವ ಚಟ ನನಗೆ ಮೊದಲಿನಿಂದಲೂ ಇದೆ. ಗೌಡ ನೇರ ಮನೆಗೇ ಬಂದ.

"ಒಂದು ಚೌಕಟ್ಟು ಮಾಡುಸ್ತೀನಿ ಕಣ್ಲಾ. ನೀನು ಒಂದೊಂದು ಅಲ್ಗೆ ಮ್ಯಾಲೆ ಒಂದೊಂದು ಅಕ್ಸರ ಬರ್ಕೊಡು. ಯಾವೂರ್ಗೆ ಬೇಕೋ ಅದ್ನ ಜೋಡ್ಸಿ ತೂರುಸ್ಬುಟ್ರೆ ಆಯ್ತು. ಅಲ್ಗೆಗೊಳೆಲ್ಲ ಒಂದೇ ಅಗಲ ಇರ್ಲಿ. ಒಂದು ದೊಡ್ದು ಒಂದು ಚಿಕ್ದು ಅಂದ್ರೆ ನಮ್ ಬೋರ ಜೋಡ್ಸೋಕಾಗ್ದೆ ತಿಣುಕ್ತಾನೆ."

ಬೋರ ಎಂದರೆ ಬಸ್ಸಿನ ಕಂಡಕ್ಟರ್.

ಒಂದೇ ಅಗಲ. ಹೇಳುವುದು ಸುಲಭ. ನಮ್ಮ ಅಕ್ಷರಗಳೆಲ್ಲ ಒಂದೇ ಮೈಕಟ್ಟಿನವೇ? ಗ, ರ ಬಡಕಲು. ಮ, ಯ ಕೂತರೆ ಪಕ್ಕದವರಿಗೆ ಜಾಗವಿಲ್ಲ. ಬಡಕಲುಗಳನ್ನು ಉಬ್ಬಿಸಿ ತಲೆಕಟ್ಟು ಉದ್ದ ಎಳೆದೆ. ಡ್ಯ, ಳ್ಳಿಗಳಲ್ಲಿ ಕೆಳಗಿನ ಒತ್ತಿಗೆ ಜಾಗ ಬೇಕೆಂದು ಮೇಲಿನದನ್ನು ಕುಗ್ಗಿಸಿದೆ. ಬಿಳಿ ಹಲಗೆ, ಕಪ್ಪು ಅಕ್ಷರ. ಮಂಡ್ಯದ ಸೊನ್ನೆಗೂ ಒಂದು ಪೂರ್ತಿ ಹಲಗೆ ಕೊಟ್ಟೆ.

ಗೌಡ ಹುಬ್ಬು ಗಂಟಿಕ್ಕಿದ. "ಸೊನ್ನೆಗೂ ಒಂದು ಸೀಟಾ?"

"ಎಲ್ಲಕ್ಕೂ ಒಂದೇ ಅಗಲ ಅಂದೋನು ನೀನೇ ಅಲ್ವೇನೋ?"

"ಅಂದೆ ಕಣಪ್ಪ. ನನ್ ಬಸ್ಸಲ್ಲಿ ಮನುಸ್ರಿಗೇ ಅಷ್ಟು ಜಾಗ ಇಲ್ಲ."

ನಿಜವಾಗಿ ಕಾಡಿದ್ದು ಮ. ನಮ್ಮ ಕಡೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಅದೇ ಮೊದಲು. ಬೇರೆ ಹಲಗೆಗಳಿಗೆ ನಡುನಡುವೆ ರಜೆ ಉಂಟು, ಮಕಾರಕ್ಕೆ ಇಲ್ಲ. ಅದರ ಹೊಟ್ಟೆ ಅಮುಕಿ, ಬಲಗಡೆಯ ಬಾಲವನ್ನು ಅಂಚಿಗೆ ಒತ್ತಿ ಸಣ್ಣಗೆ ಎಳೆದು ಹೇಗೋ ಹೊಂದಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಊರು ಬದಲಾದಾಗಲೆಲ್ಲ ಬೋರ ಮಕಾರವನ್ನೂ ಬಿಡದೆ ಎಲ್ಲ ಹಲಗೆ ಕಿತ್ತು ಮೊದಲಿಂದ ಜೋಡಿಸುತ್ತಿದ್ದ. ಹೊರಗೆಳೆಯುವಾಗ ಅವನ ಹೆಬ್ಬೆರಳು ಊರುತ್ತಿದ್ದದ್ದೂ ಅದೇ ಅಂಚಿಗೆ. ಎಳೆದೆಳೆದು ಬಾಲ ಸವೆದುಹೋಯಿತು. ಬಾಲವಿಲ್ಲದ ಮ ಏನಾಗುತ್ತದೆ ಹೇಳಿ? ವ ಆಗುತ್ತದೆ.

ತಿದ್ದಿಕೊಡಿ ಎಂದು ಬೋರ ಹೇಳಿಕಳಿಸಿದ್ದ. ನಾನು ನಾಳೆ, ನಾಳಿದ್ದು ಎನ್ನುತ್ತಿದ್ದೆ. ಪ್ರಯಾಣಿಕರು ಯಾರೂ ದೂರಿರಲಿಲ್ಲವಲ್ಲ.

ಈಗ ಅತ್ತೆ. ಹೆಸರು ಕೆಂಪಮ್ಮ, ಊರು ಸೋಮನಹಳ್ಳಿ. ಮಗಳನ್ನು ಕೊಟ್ಟಿರುವುದು ಮಳವಳ್ಳಿಯ ಆಚೆ ಬಂಡೂರಿಗೆ. ಒಮ್ಮೆ ಮಗಳ ಮನೆಗೆಂದು ಕಜ್ಜಾಯ ಕಟ್ಟಿಕೊಂಡು ಹೊರಟವರು, ಮದ್ದೂರಿನಲ್ಲಿ ಯಾವುದೋ ಬಸ್ಸು ಹತ್ತಿ ಮಂಡ್ಯದಲ್ಲಿ ಇಳಿದು ನಮ್ಮ ಮನೆ ಸೇರಿದ್ದರು. (ಕಜ್ಜಾಯ ನಾವು ತಿಂದೆವು. ಬಹಳ ಚೆನ್ನಾಗಿತ್ತು.) ಅಂದಿನಿಂದ ಮನೆಯಲ್ಲಿ ಅವರನ್ನು ಒಂಟಿಯಾಗಿ ಕಳಿಸುವುದಿಲ್ಲ. ಮಗನಿಗೆ ಬಿಡುವಾದಾಗ ಅವನೇ ಕರೆದುಕೊಂಡು ಹೋಗಬೇಕು. ಗದ್ದೆ ಕೆಲಸದವನಿಗೆ ಬಿಡುವು ಎಲ್ಲಿಂದ ಬರಬೇಕು? ಮಗಳ ಮುಖ ನೋಡದೆ ಹಬ್ಬಗಳ ಮೇಲೆ ಹಬ್ಬ ಕಳೆದವು.

ಅತ್ತೆ ಊರಿನ ವಯಸ್ಕರ ಕ್ಲಾಸಿಗೆ ಸೇರಿದ್ದು ಅದಕ್ಕೇ. ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು. ಮಾವ "ಓದ್ಬುಟ್ಟು ಅಮಲ್ದಾರಿಕೆ ಮಾಡೀಯಾ?" ಎಂದರು. ಅತ್ತೆಗೆ ಅಮಲ್ದಾರಿಕೆ ಬೇಕಿರಲಿಲ್ಲ. ಮಳವಳ್ಳಿ ಎಂದು ಓದಲು ಬಂದರೆ ಸಾಕಿತ್ತು.

ಬಂತು. ಹೋದ ವಾರ ಒಬ್ಬರೇ ಹೊರಟರು.

ಮದ್ದೂರಿನಲ್ಲಿ ಬೋರ ಹಲಗೆ ಬದಲಾಯಿಸಿ ಮಳವಳ್ಳಿ ಜೋಡಿಸಿದ. ಮಂಡ್ಯದಿಂದಲೇ ಕೂತಿದ್ದ ನಾನು ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದೆ. ಮುಂದುಗಡೆ ಮಾತು ಜೋರಾಯಿತು.

"ಬಸ್ಸು ಅತ್ತವ್ವ, ಮಳವಳ್ಳಿಗೇ ಓಯ್ತದೆ," ಎನ್ನುತ್ತಿದ್ದ ಬೋರ.

"ಅಂಗಂತ ಬರ್ದಿಲ್ವಲ್ಲಪ್ಪ." ಅದು ಅತ್ತೆಯ ದನಿ.

"ಬರ್ದದೆ, ನೋಡವ್ವ."

"ನೋಡ್ಕೊಂಡೇ ಏಳ್ತಿರೋದು. ವಳವಳ್ಳಿ ಅಂತದೆ. ಮೊದಲ್ನೇದೂ ವ, ಮೂರ್ನೇದೂ ವ. ಎರಡೂ ಒಂದೇ ತರ ಅವೆ. ವಳವಳ್ಳಿ ಅಂತ ಯಾವೂರಪ್ಪ ಅದು?"

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಪಕ್ಕದ ಸೀಟಿನ ಸ್ಕೂಲ್ ಮೇಷ್ಟರೊಬ್ಬರು ನಗುತ್ತಾ ಇಳಿದು ಹೋಗಿ ನೋಡಿ, ನಗದೆ ವಾಪಸು ಬಂದರು. "ಆಕೆ ಹೇಳೋದು ಸರಿ ಕಣ್ರೀ."

ಬೋರ ಬಿಡಲಿಲ್ಲ. "ಇದು ಮಳವಳ್ಳಿ ಬಸ್ಸು ಅಂತ ಎಲ್ರಿಗೂ ಗೊತ್ತು ಕಣವ್ವ."

"ಗೊತ್ತಿರೋರ್ಗೆ ಬೋರ್ಡ್ಯಾಕಪ್ಪ? ನಂಗೆ ಗೊತ್ತಿಲ್ಲ. ಅದ್ಕೇ ಓದೋದ್ ಕಲ್ತಿದ್ದು."

ನಗು ನಿಂತಿತು. ನಾನು ಸೀಟಿನಲ್ಲಿ ಆದಷ್ಟು ಕೆಳಕ್ಕೆ ಜಾರಿದೆ. ಬೋರ ಬಿಟ್ಟಾನೆಯೇ? ನೇರ ನನ್ನ ಕಿಟಕಿಗೆ ಕೈ ತೋರಿಸಿದ. "ಬರ್ದೋರು ಅಲ್ಲೇ ಕುಂತವ್ರೆ, ಅವ್ರನ್ನೇ ಕೇಳವ್ವ."

ಅತ್ತೆ ಬಂದು ಕಿಟಕಿಯಲ್ಲಿ ಇಣುಕಿದರು. "ನೀನೇನ್ಲಾ ಬರ್ದಿದ್ದು?"

"ಹೂಂ ಅತ್ತೆ. ಬಾ, ಹತ್ತು. ನಾನೂ ಮಳವಳ್ಳಿಗೇ ಹೋಗ್ತಿರೋದು."

ಅಣ್ಣನ ಮಗನೇ ಹೇಳಿದ ಮೇಲೆ ಮುಗಿಯಿತಲ್ಲ ಎಂದುಕೊಂಡೆ. ಮುಗಿಯಲಿಲ್ಲ.

"ನಿನ್ ಮಾತ್ ನಂಬ್ಕೊಂಡು ಅತ್ತುದ್ರೆ ಊರಲ್ಲಿ ಏನಂತಾರೆ? ಅಣ್ಣನ ಮಗ ಸಿಕ್ದ, ಕರ್ಕೊಂಡೋದ ಅಂತಾರೆ. ನಾನು ಓದ್ಕೊಂಡು ಓಗ್ಬೇಕು ಕಣ್ಲಾ." ಬೋರ್ಡಿನ ಕಡೆ ಕೈ ತೋರಿಸಿದರು. "ಇಳಿ. ತಿದ್ದು."

ಇಳಿದೆ. ಬಣ್ಣವಿಲ್ಲ, ಬ್ರಷ್ಷಿಲ್ಲ. ಡ್ರೈವರ್ ಮೂಟೆಗೆ ಕೈ ಹಾಕಿ ಒಂದು ಇದ್ದಿಲ ಚೂರು ಕೊಟ್ಟ. ಇಡೀ ಬಸ್ಸು ಕತ್ತು ಚಾಚಿ ನೋಡುತ್ತಿರುವಾಗ ಮಕಾರಕ್ಕೆ ಬಾಲ ಎಳೆದೆ. ಭಯಕ್ಕೆ ಕೊಂಚ ಹೆಚ್ಚೇ ಎಳೆದೆನೆಂದು ಕಾಣುತ್ತದೆ. ಅದು ಹಲಗೆ ದಾಟಿ ಪಕ್ಕದ ಳಕಾರದ ಜಾಗಕ್ಕೂ ನುಗ್ಗಿತು. ಒಂದೇ ಅಗಲದ ನಿಯಮ ಅಲ್ಲಿಗೆ ಗೋವಿಂದ.

ಅತ್ತೆ ಬೆರಳೆತ್ತಿ ಒಂದೊಂದನ್ನೇ ತೋರಿಸುತ್ತಾ ಓದಿದರು. "ಮ. ಳ. ವ. ಳ್ಳಿ." ಆಮೇಲೆ ಕೂಡಿಸಿ, ತಮಗೆ ತಾವೇ ಹೇಳಿಕೊಂಡಂತೆ, "ಮಳವಳ್ಳಿ."

ಆಮೇಲೆ ಹತ್ತಿದರು. ನನ್ನ ಪಕ್ಕ ಜಾಗವಿತ್ತು. ಅತ್ತ ನೋಡಲೂ ಇಲ್ಲ. ಮುಂದೆ ಹೋಗಿ ಅಪರಿಚಿತರ ನಡುವೆ ಒತ್ತರಿಸಿಕೊಂಡು ಕೂತರು.

ಮೊದಲೇ ಸುದ್ದಿ ಮುಟ್ಟಿದ್ದರಿಂದ ಮಳವಳ್ಳಿಯಲ್ಲಿ ಮಗಳು ಗಾಡಿ ಕಟ್ಟಿಸಿಕೊಂಡು ಬಂದು ಕಾದಿದ್ದಳು. ತಾಯಿ ಇಳಿದದ್ದನ್ನು ನೋಡಿದವಳು ಓಡಿಬಂದು ಕೈ ಹಿಡಿದುಕೊಂಡಳು. "ಯಾರ್ ಜೊತೆ ಬಂದ್ಯವ್ವ?"

"ಯಾರ್ ಜೊತೇಲೂ ಇಲ್ಲ. ಓದ್ಕೊಂಡ್ ಬಂದೆ."

ಅವರ ಬೆನ್ನ ಹಿಂದೆಯೇ ಇಳಿಯುತ್ತಿದ್ದ ನಾನು ಏನು ಮಾಡಬೇಕು? ಎದುರಿನ ಹುಣಸೆ ಮರ ನೋಡುತ್ತಾ ನಿಂತುಬಿಟ್ಟೆ. ತಾಯಿ ಮಗಳು ಗಾಡಿ ಹತ್ತಿ ತಿರುವು ದಾಟುವವರೆಗೂ ಆ ಮರ ಬಿಟ್ಟು ಕಣ್ಣು ತೆಗೆಯಲಿಲ್ಲ.

ಮಂಡ್ಯಕ್ಕೆ ಬಂದವನೇ ಮಕಾರವನ್ನು ಹೊಸದಾಗಿ ಬರೆದೆ. ಬಾಲವನ್ನು ಈ ಸಲ ಒಳಗೆ ಮಡಿಸಿ, ಹಲಗೆ ಎಳೆಯಲು ನೆತ್ತಿಗೊಂದು ಮೊಳೆ ಹೊಡೆದುಕೊಟ್ಟೆ. ಗೌಡನಿಗೆ ಸಮಾಧಾನವಾಯಿತು. ನನಗಾಗಿಲ್ಲ. ಅತ್ತೆಯ ಕಥೆ ಸೋಮನಹಳ್ಳಿಯ ಕ್ಲಾಸಿನ ತುಂಬ ಹಬ್ಬಿ, ಅಲ್ಲಿಯ ಹೆಂಗಸರೆಲ್ಲ ಈಗ ಮದ್ದೂರಿಗೆ ಬಂದರೆ ಮೊದಲು ಬೋರ್ಡು ಪರೀಕ್ಷೆ ಮಾಡುತ್ತಾರಂತೆ. ನಿನ್ನೆ ಬೋರ ಬಂದಿದ್ದ. ರಕಾರದ ಹೊಟ್ಟೆಯೊಳಗೆ ಕೆಸರು ಹಾರಿ ಚುಕ್ಕೆಯಾಗಿದೆಯಂತೆ. ಮದ್ದೂರು ಹೋಗಿ ಮದ್ದೂಠು ಆಗಿದೆಯೆಂದು ಅವರ ಪೈಕಿ ಮೂವರು ಮಂಡ್ಯದಲ್ಲಿ ವಾಪಸಿನ ಬಸ್ಸು ಹತ್ತಲು ಒಪ್ಪಲಿಲ್ಲವಂತೆ.

ಓದುವವರು ಇಲ್ಲದಿದ್ದಾಗ ನನ್ನ ಅಕ್ಷರಗಳು ಎಷ್ಟು ಚೆನ್ನಾಗಿದ್ದವು, ಅಲ್ಲವೇ?