ಸದಾಶಿವಯ್ಯನವರ ಮೊಣಕಾಲು

ಕೂತಲ್ಲಿ ಕಾಲು ಕುಣಿಸಬಾರದು, ಮನೆಗೆ ದರಿದ್ರ ಅಂತ ಸರಸ್ವತಿಪುರಂನ ಸದಾಶಿವಯ್ಯನವರಿಗೆ ಅವರಜ್ಜಿ ಬೈದೂ ಬೈದೂ ಸತ್ತೇ ಹೋದರು. ಕಾಲು ಮಾತ್ರ ನಿಲ್ಲಲಿಲ್ಲ. ಹೆಣ್ಣು ನೋಡೋಕೆ ಹೋದಾಗ ತೊಡೆ ಮೇಲಿದ್ದ ಉಪ್ಪಿಟ್ಟಿನ ತಟ್ಟೆ ಗಡಗಡ ಅಂದು, ಚಂದ್ರಮತಿ ಕಿಸಕ್ಕನೆ ನಕ್ಕು ಅಲ್ಲೇ ಒಪ್ಪಿಬಿಟ್ಟರಂತೆ. ಇಂಥ ಮನುಷ್ಯನಿಗೆ ದೇವರು ಕೊಟ್ಟ ಕೆಲಸ ನೋಡಿ: ಕಡಕೊಳದ ಒಂದು ಕಾರ್ಖಾನೆಯಲ್ಲಿ, ಭೂಕಂಪ ಅಳೆಯೋ ಯಂತ್ರಗಳು ಸರಿಯಾಗಿ ಅಳೆಯುತ್ತವೋ ಇಲ್ಲವೋ ಅಂತ ಪರೀಕ್ಷೆ ಮಾಡೋದು!

ದಿನಾ ಅವರು ಹೊರಗಿನ ಕೋಣೆಯಲ್ಲಿ ಕೂತೇ ಪರದೆ ನೋಡುತ್ತಿದ್ದರು. ಆವತ್ತು ಮಾತ್ರ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಕಾರಣ ರಕ್ಷಿತಾ. ಉದಯಗಿರಿಯ ಹುಡುಗಿ, ಇವರ ಕೈಕೆಳಗೇ ಕೆಲಸ ಕಲಿತವಳು, ಮೊದಲ ಸಲ ಒಂದು ಯಂತ್ರವನ್ನು ಒಬ್ಬಳೇ ರಿಪೇರಿ ಮಾಡಿದ್ದಳು. ಅದು ಪಾಸಾದರೆ ಅವಳ ಕೆಲಸ ಕಾಯಂ, ಇಲ್ಲದಿದ್ದರೆ ಪ್ಯಾಕಿಂಗ್ ವಿಭಾಗ ಅಂತ ಮ್ಯಾನೇಜರು ಹೇಳಿಬಿಟ್ಟಿದ್ದರು. ಹೆಣ್ಣುಮಕ್ಕಳಿಲ್ಲದ ಸದಾಶಿವಯ್ಯನವರಿಗೆ ಈ ಹುಡುಗಿ ಅಂದರೆ ಪ್ರಾಣ.

ಅಳತೆ ಗೊತ್ತಿರೋ ಒಂದು ಸಣ್ಣ ಅದುರು ಕೊಟ್ಟರೆ ಪರದೆಯ ಗೆರೆ ಎದ್ದು, ಆಮೇಲೆ ಮಲಗಬೇಕು. ಏಳುತ್ತಿತ್ತು, ಮಲಗುತ್ತಿರಲಿಲ್ಲ, ಚಳಿಜ್ವರ ಬಂದವರ ಹಾಗೆ ನಡುಗುತ್ತಲೇ ಇತ್ತು. ಮತ್ತೆ ಮಾಡಿದರು. ಇನ್ನೂ ಜಾಸ್ತಿ! ಅಯ್ಯೋ ಶಿವನೇ, ಈ ಕೂಸಿನ ಗತಿಯೇನಪ್ಪಾ ಅಂತ ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡರು.

ಅಷ್ಟರಲ್ಲಿ ಚಂದ್ರಮತಿಯ ಫೋನು.

"ಊಟ ಮಾಡಿದ್ರಾ?"

"ಆ...ಆಮೇಲೆ ಕಣೇ."

"ಮಾತೆಲ್ಲ ಅಲುಗಾಡ್ತಿದೆ. ಕಾಲು ಕುಣಿಸ್ತಾ ಕೂತಿದ್ದೀರಿ, ಅಲ್ವಾ?"

ಬಗ್ಗಿ ನೋಡಿಕೊಂಡರು. ಮೊಣಕಾಲು ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಗಬಕ್ಕನೆ ಅದುಮಿ ಹಿಡಿದರು. ಪರದೆಯ ಗೆರೆ ಮಲಗಿತು.

ರಕ್ಷಿತಾ ತಲೆ ತಗ್ಗಿಸಿ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಮೊದಲನೇ ಸಲಾನೇ ಗೊತ್ತಾಯ್ತು ಸಾರ್."

"ಮತ್ತೆ ಬಾಯಿಗೇನು ಕಡುಬು ತುರುಕ್ಕೊಂಡಿದ್ಯಾ?"

"ನಂಗೋಸ್ಕರ ಯಾರೂ ಇಷ್ಟು ಹೆದರ್ಕೊಂಡಿದ್ದನ್ನ ನಾನು ನೋಡಿರಲಿಲ್ಲ ಸಾರ್. ಎದ್ದು ಹೋಗಿ ಅಂತ ಹೆಂಗೆ ಹೇಳ್ಲಿ?"

ಸದಾಶಿವಯ್ಯನವರಿಗೆ ಮುದ್ದೂ ಬಂತು, ಸಿಟ್ಟೂ ಬಂತು. "ಅದಕ್ಕೆ ಪ್ಯಾಕಿಂಗಿಗೆ ಹೋಗೋಕೂ ತಯಾರಾಗ್ಬುಟ್ಯಾ, ಪೆದ್ದಿ! ನಾನು ತಪ್ಪು ಮಾಡಿದ್ರೆ ನನ್ನ ಮುಖಕ್ಕೇ ಹೇಳ್ಬೇಕು, ತಿಳೀತಾ?" ಅನ್ನುವಷ್ಟರಲ್ಲಿ ಇನ್ನೊಂದು ಕಾಲು ಶುರುವಾಗಿತ್ತು.

ರಕ್ಷಿತಾ ಕಣ್ಣೊರೆಸಿಕೊಂಡು ಹೋಗಿ ಬಾಗಿಲು ತೆಗೆದಳು.

"ಆಚೆ ನಡೀರಿ ಸಾರ್."

ಅವರು ದೂರದ ಬೇವಿನಕಟ್ಟೆಯ ಮೇಲೆ ಕೂತು ಎರಡೂ ಕಾಲನ್ನು ಮನಸಾರೆ ಕುಣಿಸಿದರು. ಒಳಗೆ ಗೆರೆ ಎದ್ದು, ತೆಪ್ಪಗೆ ಮಲಗಿತು. ಹುಡುಗಿಯ ಕೆಲಸ ಕಾಯಂ ಆಯಿತು.