ಕೆಂಪು ಗುಂಡಿ ಎಷ್ಟು ಸಲ ಒತ್ತಿದಿರಿ?

ಬೆಳಗಿನ ಆರೂವರೆ. ನದಿಯಾಚೆ ಕೆನಡಾದ ದೀಪಗಳು ಇನ್ನೂ ಆರಿಲ್ಲ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಓಜಿತ್ ಥೆರಿಯೋ ಅವರ ಮನೆಯ ನೆಲಮಾಳಿಗೆಯಲ್ಲಿ ರಿಪೇರಿಯವರಾದ ಕ್ಲೋವಿಸ್ ವಯೊಲೆಟ್ ಆರಿಹೋದ ಬಾಯ್ಲರಿನ ಎದುರು ಮಂಡಿಯೂರಿ ಕೂತಿದ್ದಾರೆ. ಬಂದವರೇ ಯಾವುದಕ್ಕೂ ಕೈ ಹಾಕಿಲ್ಲ. ಕೈಗವಸು ಬಿಚ್ಚಿ ಕಬ್ಬಿಣದ ಮೈ ಮುಟ್ಟಿ ನೋಡಿದ್ದಾರೆ, ಎರಡು ಸಲ ಮೂಗೆಳೆದು ಎಣ್ಣೆಯ ವಾಸನೆ ಹಿಡಿದಿದ್ದಾರೆ, ಅಷ್ಟೆ. ಮೆಟ್ಟಿಲ ತುದಿಯಲ್ಲಿ ಎಂಬತ್ತಮೂರರ ಓಜಿತ್, ತೀರಿಹೋದ ಗಂಡನ ಬೇಟೆಯ ಕೋಟು ಹೊದ್ದು ನಿಂತಿದ್ದಾರೆ.

"ಮಾತಾಂತ್, ಕೆಂಪು ಗುಂಡಿ ಹತ್ತು ಸಲ ಒತ್ತಿದ್ರಾ, ಇಲ್ಲಾ ಹದಿನೈದು ಸಲಾನಾ?" ಕ್ಲೋವಿಸ್ ತಲೆ ಎತ್ತದೆಯೇ ಕೇಳುತ್ತಾರೆ. ಫ್ರೆಂಚ್ ಮಾತಿನ ಈ ಕಣಿವೆಯಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ಮಾತಾಂತ್, ಅಂದರೆ ಚಿಕ್ಕಮ್ಮ.

"ಹದಿನೈದಾ! ನಂಗೇನು ತಲೆ ಕೆಟ್ಟಿದ್ಯಾ ತಿ-ಕ್ಲೋ? ಎಂಟೇ ಎಂಟು." ಅರವತ್ತನಾಲ್ಕರ ಕ್ಲೋವಿಸ್ ಅವರನ್ನು 'ಪುಟ್ಟ ಕ್ಲೋ' ಎಂದು ಕರೆಯುವವರು ಇನ್ನು ಇವರೊಬ್ಬರೇ.

"ಎಂಟೇನಾ? ಈ ಚಳೀಲಿ ನಾನಾಗಿದ್ರೆ ಹನ್ನೆರಡಾದ್ರೂ ಒತ್ತಿರ್ತಿದ್ದೆ."

ಮೇಲೆ ಅಜ್ಜಿ ಕೋಟಿನ ಕಾಲರ್ ಎಳೆದುಕೊಳ್ಳುತ್ತಾರೆ. "ಹನ್ನೊಂದು ಅಂತ ಇಟ್ಕೋ," ಎಂದು ಅಜ್ಜಿ ಒಪ್ಪಿಕೊಳ್ಳುತ್ತಾರೆ.

ಕ್ಲೋವಿಸ್ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಯ್ಲರಿನ ಹೊಟ್ಟೆಯೊಳಗೆ ತೂರಿಸಿ ಟಾರ್ಚ್ ಬಿಡುತ್ತಾರೆ. ಉರಿಯ ಗೂಡಿನ ತಳದಲ್ಲಿ ಎಣ್ಣೆ ಮಡುಗಟ್ಟಿ ಹೊಳೆಯುತ್ತಿದೆ. ಹನ್ನೊಂದು ಸುಳ್ಳಲ್ಲ.

ನಮ್ಮ ಕಡೆಯ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ಮನೆ ಬೆಚ್ಚಗಿಡುವ ಒಂದು ಬಾಯ್ಲರ್, ಒಂದು ಎಣ್ಣೆ ಟ್ಯಾಂಕ್, ಮತ್ತು ಎಣ್ಣೆ ಉರಿಸುವ ಬರ್ನರಿನ ಮೇಲೊಂದು ಕೆಂಪು ಗುಂಡಿ. ಉರಿ ಹತ್ತದಿದ್ದರೆ ಯಂತ್ರ ತಾನೇ ನಿಲ್ಲುತ್ತದೆ. ಗುಂಡಿ ಒತ್ತಿದರೆ ಇನ್ನೊಮ್ಮೆ ಎಣ್ಣೆ ಚಿಮ್ಮಿಸಿ ಪ್ರಯತ್ನಿಸುತ್ತದೆ. ಒಂದು ಸಲ ಒತ್ತಬಹುದು. ಅದಕ್ಕೂ ಹತ್ತದಿದ್ದರೆ ಕೈಕಟ್ಟಿ ಕೂತು ಫೋನ್ ಮಾಡಬೇಕು. ಇದು ಎಲ್ಲರಿಗೂ ಗೊತ್ತು, ಯಾರೂ ಹಾಗೆ ಮಾಡುವುದಿಲ್ಲ. ಮನೆ ತಣ್ಣಗಾಗುತ್ತಿರುವಾಗ ಬುದ್ಧಿ ಕೆಳಗಿಳಿಯುವುದಿಲ್ಲ, ಬೆರಳು ಮಾತ್ರ ಇಳಿಯುತ್ತದೆ. ಒತ್ತಿದಷ್ಟು ಸಲವೂ ಎಣ್ಣೆ ಸುರಿದು ಗೂಡಿನ ತಳದಲ್ಲಿ ನಿಲ್ಲುತ್ತದೆ. ಆಮೇಲೆ ರಿಪೇರಿಯವನು ಬಂದು ಒಂದು ಕಿಡಿ ಕೊಟ್ಟರೆ ಅಷ್ಟೂ ಎಣ್ಣೆ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಅದೃಷ್ಟವಿದ್ದರೆ ಮನೆ ತುಂಬ ಮಸಿ. ಇಲ್ಲದಿದ್ದರೆ ಬಾಯ್ಲರಿನ ಕಬ್ಬಿಣದ ಬಾಗಿಲೇ ಹಾರಿ ಬರುತ್ತದೆ.

ಅಜ್ಜಿಯ ಅಕ್ಕನ ಮಗ ರೆನೋ ಪಕ್ಕದ ಮನೆಯಿಂದ ಬಂದು ಕ್ಲೋವಿಸ್ ಬೆನ್ನ ಹಿಂದೆ ನಿಂತಿದ್ದಾನೆ. ಅವನಿಗೆ ತಡೆಯುತ್ತಿಲ್ಲ. "ಅಡುಗೆಮನೆ ಆರು ಡಿಗ್ರಿಗಿಳಿದಿದೆ. ಬಡಗಣ ಗೋಡೆ ಪೈಪಲ್ಲಿ ನೀರು ಇನ್ನೇನು ಹೆಪ್ಪುಗಟ್ಟುತ್ತೆ. ಹಚ್ಚಿಬಿಡು ಮಾರಾಯ, ಇರೋ ಎಣ್ಣೆ ಉರಿದು ಹೋಗ್ಲಿ."

"ಪೈಪು ಒಡೆದ್ರೆ ಬೆಸುಗೆ ಹಾಕ್ತೀನಿ. ನೀನು ಒಡೆದ್ರೆ?" ಕ್ಲೋವಿಸ್ ದನಿ ಏರಿಸುವುದಿಲ್ಲ. "ಮೇಲೆ ಹೋಗಿ ಎಲ್ಲಾ ನಲ್ಲಿ ಸಣ್ಣಗೆ ಬಿಡು. ಸಿಂಕ್ ಕೆಳಗಿನ ಬಾಗ್ಲು ತೆಗೆದಿಡು. ನಿಮ್ಮನೆ ಕರೆಂಟ್ ಹೀಟರ್ ತಂದು ಆ ಗೋಡೆಗಿಡು, ಪರದೆಗೆ ತಾಗ್ಸಬೇಡ. ಬಾಯಿಗಿಂತ ಕೈಗೆ ಕೆಲಸ ಕೊಡಪ್ಪ."

ರೆನೋ ಗೊಣಗುತ್ತಾ ಮೆಟ್ಟಿಲು ಹತ್ತುತ್ತಾನೆ. ಕ್ಲೋವಿಸ್ ಬರ್ನರ್ ಬಿಚ್ಚಿ, ಹಳೆಯ ಟವೆಲ್ ಚೂರುಗಳನ್ನು ಕಡ್ಡಿಗೆ ಸುತ್ತಿ ಗೂಡಿಗೆ ಇಳಿಬಿಡುತ್ತಾರೆ. ನೆನೆದದ್ದನ್ನು ಬಕೆಟ್ಟಿಗೆ ಹಿಂಡಿ ಮತ್ತೆ ಇಳಿಬಿಡುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೇನೆ. ಅವರ ಕೈ ಒಂದೇ ವೇಗದಲ್ಲಿ ಆಡುತ್ತಿದೆ. ಅರ್ಧ ಗಂಟೆ ಕಳೆದ ಮೇಲೆ ರೋಗದ ಮೂಲ ಸಿಗುತ್ತದೆ. ಕಿಡಿ ಹಾರಿಸುವ ಕಡ್ಡಿಯ ಪಿಂಗಾಣಿ ಹೊದಿಕೆಯಲ್ಲಿ ಕೂದಲೆಳೆಯ ಬಿರುಕು. ಕಿಡಿ ಅಲ್ಲೇ ಸೋರಿಹೋಗಿ ಎಣ್ಣೆಯನ್ನು ತಲುಪುತ್ತಲೇ ಇರಲಿಲ್ಲ.

ನಲವತ್ತೊಂದು ವರ್ಷದಿಂದ ಇದೇ ಕೆಲಸ. ಅಪ್ಪನ ಆಲೂಗಡ್ಡೆ ಹೊಲ ಕೈಬಿಟ್ಟ ಮೇಲೆ ಎಣ್ಣೆ ವ್ಯಾಪಾರಿಯೊಬ್ಬರ ಬಳಿ ಟ್ಯಾಂಕ್ ತುಂಬಲು ಸೇರಿದ ಕ್ಲೋವಿಸ್, ರಿಪೇರಿಯವರ ಬೆನ್ನು ಬಿದ್ದು ಕಲಿತರು. ಈಗ ಸ್ವಂತ ವ್ಯಾನು. ಚಳಿಗಾಲದಲ್ಲಿ ದಿನಕ್ಕೆ ಆರು ಮನೆ, ಜನವರಿಯ ಕೊನೆಗೆ ಒಂಬತ್ತು. ಎರಡೂ ಮಂಡಿಗೆ ಆಪರೇಷನ್ ಆಗಿದೆ. ನದಿಯ ಈ ದಡದ ಇನ್ನೂರು ಚಿಲ್ಲರೆ ನೆಲಮಾಳಿಗೆಗಳಲ್ಲಿ ಎಲ್ಲಿ ತಲೆ ತಗ್ಗಿಸಬೇಕು, ಯಾವ ಮೆಟ್ಟಿಲು ಕೊಳೆತಿದೆ ಎಂಬುದು ಕತ್ತಲಲ್ಲೂ ಗೊತ್ತು. ಆದರೆ ಮೇಲಿನ ಮನೆ ಹೇಗಿದೆ ಎಂದರೆ ತಡವರಿಸುತ್ತಾರೆ. "ನನ್ನ ಕಂಡ್ರೆ ಎಲ್ರೂ ನೆಲಮಾಳಿಗೆ ಬಾಗ್ಲು ತೋರಿಸ್ತಾರೆ. ಬೆಚ್ಚಗಾದ್ಮೇಲೆ ನಾನು ಯಾರಿಗೆ ಬೇಕು ಹೇಳಿ?" ಎಂದು ನಗುತ್ತಾರೆ. ದೂರಲ್ಲ ಅದು, ಇದ್ದದ್ದನ್ನು ಹೇಳುವುದು.

ನಾನೂ ಹಾಗೆಯೇ. ಇಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ಹತ್ತೊಂಬತ್ತು ಚಳಿಗಾಲ ಕಳೆದಿದ್ದೇನೆ, ಪ್ರತಿ ವರ್ಷ ಅವರ ಕೈಯಲ್ಲಿ ಬಾಯ್ಲರ್ ತೊಳೆಸಿದ್ದೇನೆ. ಅವರ ಬಗ್ಗೆ ಕನ್ನಡದ ಪತ್ರಿಕೆಯೊಂದಕ್ಕೆ ಬರೆಯಬೇಕು ಅನ್ನಿಸಿದ್ದು ಹೋದ ನವೆಂಬರಿನಲ್ಲಿ, ನನ್ನದೇ ಬಾಯ್ಲರ್ ಆರಿದಾಗ. "ಹತ್ತಾ, ಹದಿನೈದಾ ಟೀಚರ್?" ಎಂದರು. "ಛೆ, ಆರೇ!" ಎಂದೆ, ಬಹುಮಾನ ಗೆದ್ದವಳ ಹಾಗೆ. ಒಂದೇ ಸಲ ಎಂದು ಹೇಳಲು ತಯಾರಾಗಿ ನಿಂತಿದ್ದೆ. ಸುಳ್ಳು ಹೇಳಲು ಬಾಯಿ ತೆರೆದವಳಿಂದ ಸತ್ಯ ಹೊರಟಿತ್ತು. ಈ ಮನುಷ್ಯ ಯಂತ್ರವನ್ನಷ್ಟೇ ಓದಿದವರಲ್ಲ ಎಂದು ಆಗ ಹೊಳೆಯಿತು.

ಕಡ್ಡಿ ಬದಲಿಸಿದ ಮೇಲೆ, ಎಂಟೂಕಾಲಿಗೆ ಓಜಿತ್ ಅವರ ಬರ್ನರ್ ಗುರ್ ಎಂದು ಹೊತ್ತಿಕೊಳ್ಳುತ್ತದೆ. ಕ್ಲೋವಿಸ್ ಎದ್ದು ಹೋಗುವುದಿಲ್ಲ. ಹೊಗೆಕೊಳವೆಯ ಸಣ್ಣ ತೂತಿಗೆ ಕೈಪಂಪು ಹಿಡಿದು ಹತ್ತು ಸಲ ಎಳೆದು, ಮಸಿ ಹಿಡಿದಿದೆಯೇ ಎಂದು ಒಳಗಿನ ಬಿಳಿ ಕಾಗದದ ಪಟ್ಟಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಮೊದಲ ಸಲ ನಸುಗಪ್ಪು. ಗಾಳಿಯ ಕಿಂಡಿಯನ್ನು ಕೂದಲಷ್ಟು ತಿರುಗಿಸುತ್ತಾರೆ. ಮೂರನೆಯ ಪಟ್ಟಿ ಬೆಳ್ಳಗೆ ಬರುತ್ತದೆ. ಆಗ ಮಾತ್ರ ಬೆನ್ನು ನೆಟ್ಟಗಾಗುತ್ತದೆ. ಬಡಗಣ ಗೋಡೆಯ ಪೈಪು ಉಳಿದಿದೆ.

ಅಡುಗೆಮನೆಯಲ್ಲಿ ಓಜಿತ್ ಒಂದೇ ಬದಿ ಬೇಯಿಸಿದ ಪ್ಲೋಯ್ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿ ಬೆಣ್ಣೆ ಸವರುತ್ತಿದ್ದಾರೆ. "ಬೈತೀಯ ಅಂದ್ಕೊಂಡಿದ್ದೆ ಕಣೋ. ನನ್ ಗಂಡ ಇದ್ದಿದ್ರೆ ಜನ್ಮ ಜಾಲಾಡಿಬಿಡ್ತಿದ್ದ."

"ಬೈಯೋದು ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು ಮಾತಾಂತ್," ಎನ್ನುತ್ತಾರೆ ಕ್ಲೋವಿಸ್. ಅಜ್ಜಿ ಇನ್ನೊಂದು ಪ್ಲೋಯ್ ಬಡಿಸುತ್ತಾರೆ. ಯಾಕೆ ಬಿಟ್ಟರೆಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ನನಗೆ ಅದನ್ನು ಅವರು ವ್ಯಾನಿನಲ್ಲಿ ಹೇಳುತ್ತಾರೆ, ಕಣ್ಣನ್ನು ರಸ್ತೆಯಿಂದ ಕೀಳದೆ.

ಆಗ ಕ್ಲೋವಿಸ್‌ಗೆ ನಲವತ್ತೆರಡು. ಕೈ ಪಳಗಿತ್ತು, ನಾಲಿಗೆಯೂ ಚುರುಕಾಗಿತ್ತು. ಗುಂಡಿ ಒತ್ತಿದವರನ್ನು ಎಲ್ಲರೆದುರು ಹಂಗಿಸುವುದು ಅವರಿಗೊಂದು ಮೋಜು. ಆ ವರ್ಷ ಕ್ರಿಸ್‌ಮಸ್ ಊಟದಲ್ಲಿ, ಬೀಗರು ನೆಂಟರೆಲ್ಲ ತುಂಬಿದ ಮೇಜಿನ ಮುಂದೆ, ಸ್ವಂತ ಅಣ್ಣ ಅದೆಲಾರ್‌ನನ್ನೇ ಹಿಡಿದುಕೊಂಡರು. ಅಣ್ಣ ಹಿಂದಿನ ವಾರ ಗುಂಡಿಯನ್ನು ಐದಾರು ಸಲ ಒತ್ತಿದ್ದ. "ಇವನ ಬೆರಳು ಕತ್ತರಿಸಿ ಇಟ್ಕೋಬೇಕು, ಮೂರನೇ ಕ್ಲಾಸಿನ ಮಗೂಗೆ ಇರೋ ಬುದ್ಧಿ ಇಲ್ಲ" ಎಂದರು. ಎಲ್ಲರೂ ನಕ್ಕರು. ಅದೆಲಾರ್ ಕೂಡ ನಕ್ಕ.

ಫೆಬ್ರವರಿಯಲ್ಲಿ ಅದೇ ಬಾಯ್ಲರ್ ಮತ್ತೆ ಆರಿತು. ಕ್ಲೋವಿಸ್‌ಗಾಗಿ ಇನ್ನೂ ನಾಲ್ಕು ಮನೆ ಕಾಯುತ್ತಿದ್ದವು. ಎಷ್ಟು ಸಲ ಒತ್ತಿದೆ ಎಂದು ಕೇಳಿದರು. ಒಂದೇ ಸಲ ಎಂದ ಅಣ್ಣ. "ಕನ್ನಡಿ ಜೇಬಲ್ಲೇ ಇತ್ತು ಟೀಚರ್. ತೆಗೀಲಿಲ್ಲ. ಅವನ ಮಾತು ನಂಬ್ದೆ." ಕಿಡಿ ಕೊಟ್ಟರು. ಬಾಗಿಲು ಹಾರಿತು. ಉರಿ ಕಾಣುತ್ತದೇನೋ ಎಂದು ಬಗ್ಗಿ ನೋಡುತ್ತಿದ್ದ ಅದೆಲಾರ್‌ನ ಎಡಗಣ್ಣು ಹೋಯಿತು.

"ಅವನು ಸುಳ್ಳು ಹೇಳ್ದ ಅಂತ ಊರೋರು ಹೇಳ್ತಾರೆ. ಆ ಸುಳ್ಳನ್ನ ಅವನ ಬಾಯಿಗೆ ಹಾಕಿದ್ದು ನಾನು, ಕ್ರಿಸ್‌ಮಸ್ ದಿನ."

ಅಂದಿನಿಂದ ಕನ್ನಡಿ ಹಾಕದೆ ಅವರು ಯಾವ ಬಾಯ್ಲರಿಗೂ ಕಿಡಿ ಕೊಟ್ಟಿಲ್ಲ. ಯಾರನ್ನೂ ಬೈದಿಲ್ಲ. ಕೇಳುವಾಗ ಹತ್ತರಿಂದ ಶುರು ಮಾಡುತ್ತಾರೆ, ಒಂಬತ್ತು ಎನ್ನಲು ಯಾರಿಗೂ ನಾಚಿಕೆಯಾಗಬಾರದೆಂದು. ಅಣ್ಣ ತಮ್ಮ ಮಾತು ಬಿಟ್ಟವರಲ್ಲ, ಭಾನುವಾರ ಚರ್ಚಿನ ಪೂಜೆ ಮುಗಿಸಿ ಇಸ್ಪೀಟು ಆಡುತ್ತಾರೆ. ಆದರೆ ಅದೆಲಾರ್ ಬಾಯ್ಲರನ್ನು ಗುಜರಿಗೆ ಹಾಕಿ ಸೌದೆ ಒಲೆ ಇಟ್ಟುಕೊಂಡ. ತಮ್ಮನನ್ನು ನೆಲಮಾಳಿಗೆಗೆ ಮತ್ತೆ ಇಳಿಯಗೊಟ್ಟಿಲ್ಲ. "ಕ್ಷಮಿಸಿಲ್ಲ ಅವನು. ಕ್ಷಮಿಸಬೇಕು ಅಂತ ಹೇಗೆ ಕೇಳ್ಲಿ?" ಎಂದು ಕ್ಲೋವಿಸ್ ಬ್ರೇಕ್ ಹಾಕುತ್ತಾರೆ. ಮುಂದಿನ ಮನೆ ಬಂದಿದೆ.

ಮಾರನೆಯ ದಿನ ನಾನೊಬ್ಬಳೇ ಅದೆಲಾರ್ ಅವರ ಮನೆಗೆ ಹೋಗುತ್ತೇನೆ. ವಯಸ್ಸು ಎಪ್ಪತ್ತೊಂದು. ಹೋದ ಶರತ್ಕಾಲದಲ್ಲಿ ಭುಜ ಮುರಿದಿದೆ. ಸೌದೆಯನ್ನು ಈಗ ಹೆಂಡತಿ ಹೊರುತ್ತಾರೆ, ಅವರಿಗೂ ಎದೆನೋವು. ಒಲೆ ಉರಿಯುತ್ತಿದ್ದರೂ ಬೆನ್ನಿಗೆ ಚಳಿ ತಾಗುತ್ತದೆ. ತಮ್ಮನೇ ಕೈಯಳತೆ ದೂರದಲ್ಲಿ ಇರುವಾಗ ಇದೆಂಥ ಹಟ ಎಂದು ಕೇಳಿಯೇ ಬಿಡುತ್ತೇನೆ.

"ಹಟಾನಾ?" ಅವರು ನನ್ನನ್ನೇ ನೋಡುತ್ತಾರೆ. "ಹದಿನಾಲ್ಕು ಸಲ ಒತ್ತಿದ್ದೆ ನಾನು. ಹದಿನಾಲ್ಕು. ಒಂದೇ ಅಂದೆ. ಅವನನ್ನ ಕೊಲ್ತಿದ್ದೆ ಅವತ್ತು. ಅವನು ಒಂದಡಿ ಈಚೆ ಕೂತಿದ್ದ, ಅಷ್ಟೆ. ನಾನ್ಯಾಕೆ ಅವನ ಮೇಲೆ ಸಿಟ್ಟಾಗ್ಲಿ?"

"ಹಾಗಾದ್ರೆ ಕೆಳಗೆ ಯಾಕೆ ಬಿಡಲ್ಲ?"

"ಆ ಗೋಡೆ ಮೇಲೆ ಇನ್ನೂ ಮಸಿ ಇದೆ, ಹೋಗ್ತಾನೇ ಇಲ್ಲ. ನೋಡಿದ್ರೆ ಅಳ್ತಾನೆ. ನಂಗೆ ಉಳಿದಿರೋದೇ ಒಂದು ಕಣ್ಣು, ಅದರಲ್ಲಿ ಇದನ್ನ ನೋಡೋಕಾಗಲ್ಲ." ಮೂಗು ಒರೆಸಿಕೊಂಡು, ಸಿಡುಕಿನಿಂದಲೇ ಹೇಳುತ್ತಾರೆ: "ಬರ್ಕೊಳ್ಳಿ ಪರವಾಗಿಲ್ಲ. ನಿಮ್ಮ ಭಾಷೆ ಅವನಿಗೆ ಓದೋಕೆ ಬರಲ್ವಲ್ಲ."

ಬರೆದುಕೊಂಡೆ. ಕಳಿಸುವ ಮೊದಲು ಓದಿ ಹೇಳುತ್ತೇನೆಂದು ಕ್ಲೋವಿಸ್‌ಗೆ ಮಾತು ಕೊಟ್ಟಿದ್ದು ಅದೆಲಾರ್‌ಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಗುಟ್ಟಾಗಿಯೇ ಉಳಿಯಲಿ ಎನ್ನುವವರು ಅದನ್ನು ಪತ್ರಿಕೆಗೆ ಬರೆಯುವವಳ ಮುಂದೆ ಹೇಳುತ್ತಾರೆಯೇ? ಎರಡು ದಿನ ಹೊಯ್ದಾಡಿ, ಶನಿವಾರ ಮಧ್ಯಾಹ್ನ ಕ್ಲೋವಿಸ್ ಅವರ ಅಡುಗೆಮನೆಯಲ್ಲಿ ಕೂತು ಒಂದೊಂದೇ ಸಾಲನ್ನು ಅವರ ಫ್ರೆಂಚಿಗೆ ತಿರುಗಿಸಿ ಓದುತ್ತೇನೆ. ಕೆಂಪು ಗುಂಡಿ, ಪ್ಲೋಯ್, ರೆನೋ ಬಂದಾಗ ನಗುತ್ತಾರೆ. ಅಣ್ಣನ ಮಾತು ಬಂದಾಗ ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ.

"ಹದಿನಾಲ್ಕಾ?"

"ಹದಿನಾಲ್ಕು ಅಂದ್ರು."

"ಊರೋರನ್ನೆಲ್ಲ ಕೇಳ್ದೆ," ಎನ್ನುತ್ತಾರೆ ಕ್ಲೋವಿಸ್. "ಇಪ್ಪತ್ತೆರಡು ವರ್ಷ, ಮನೆಮನೆಗೂ ಹೋಗಿ ಮೆತ್ತಗೆ ಕೇಳ್ದೆ. ಅವನೊಬ್ಬನ್ನ ಕೇಳ್ಲಿಲ್ಲ."

ನಿಮ್ಮದೊಂದು ಆಸೆ ಹೇಳಿ, ಲೇಖನ ಮುಗಿಸುತ್ತೇನೆ ಎನ್ನುತ್ತೇನೆ. ಅವರು ನನ್ನನ್ನು ಹಿತ್ತಿಲ ಕೊಟ್ಟಿಗೆಗೆ ಕರೆದೊಯ್ದು ಒಂದು ಟಾರ್ಪಾಲು ಸರಿಸುತ್ತಾರೆ. ಕೆಳಗೊಂದು ಚಿಕ್ಕ ಬಾಯ್ಲರ್, ಒಂದಿಷ್ಟೂ ತುಕ್ಕಿಲ್ಲ. ಆರು ವರ್ಷದ ಹಿಂದೆ ತಂದು, ಪ್ರತಿ ಶರತ್ಕಾಲ ಬಿಚ್ಚಿ ಒರೆಸಿ ಇಟ್ಟಿದ್ದಾರಂತೆ. ಅಲ್ಲೇ ನಿಂತು ಜೇಬಿನಿಂದ ಫೋನ್ ತೆಗೆಯುತ್ತಾರೆ. ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲ ಸರಿಯಾಗಿ ಒತ್ತುತ್ತಾರೆ.

"ಅದೆಲಾರ್, ನಾನು. ನಿಮ್ಮ ನೆಲಮಾಳಿಗೆ ಬಾಗ್ಲು ಎಷ್ಟು ಅಗಲ ಇದೆ? ಟೇಪ್ ಹಿಡಿದು ನೋಡಿ ಹೇಳು. ಹೂಂ, ಟೀಚರ್ ಓದಿದ್ರು. ಹೂಂ, ಎಲ್ಲಾನೂ." ಆಮೇಲೆ ಆ ಕಡೆಯಿಂದ ಏನೋ ಉದ್ದದ ಮಾತು ಬರುತ್ತದೆ, ನನಗೆ ಕೇಳಿಸುವುದಿಲ್ಲ. ಕ್ಲೋವಿಸ್ ಬಾಯ್ಲರಿನ ತಲೆಯ ಮೇಲೆ ಅಂಗೈ ಊರಿ ಪೂರ್ತಿ ಕೇಳುತ್ತಾರೆ.

"ಇಲ್ಲ ಮಾರಾಯ," ಎನ್ನುತ್ತಾರೆ, ತೋಳಿನಿಂದ ಮುಖ ಒರೆಸಿಕೊಳ್ಳುತ್ತಾ. "ಅಳಲ್ಲ."